ನಡೆಸಿ ನೋಡುವ ಶಾಸ್ತ್ರ

ಹಿಂದೆ ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುತ್ತಿದ್ದರು. ಬಾಯಿಬಿಟ್ಟು "ನಡಿ" ಎನ್ನುತ್ತಿರಲಿಲ್ಲ. "ಒಂದು ಲೋಟ ನೀರು ತಗೊಂಬಾಮ್ಮ" ಎನ್ನುತ್ತಿದ್ದರು, ಅಷ್ಟೆ. ಹುಡುಗಿ ನಡುಮನೆಯಿಂದ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕಾಲು ಕುಂಟೋ, ಬೆನ್ನು ಗೂನೋ, ನೆಲ ಅದುರುವ ಹಾಗೆ ಹೆಜ್ಜೆ ಇಡುತ್ತಾಳೋ ಎಲ್ಲವನ್ನೂ ಅಳೆದುಬಿಡುತ್ತಿದ್ದರು. ನನ್ನಕ್ಕ ಹೀಗೆ ಬಂದವರಿಗೆಲ್ಲ ತಂದುಕೊಟ್ಟ ನೀರು ಸೇರಿಸಿದ್ದರೆ ನಮ್ಮ ಹಿತ್ತಲಿನ ತೊಟ್ಟಿ ತುಂಬುತ್ತಿತ್ತು. ಕುಡಿದವರು "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದು ಹೋದರು. ಕೆಲವರು ತಿಳಿಸಿದರು, ಹೆಚ್ಚಿನವರಿಗೆ ಅಷ್ಟು ಸೌಜನ್ಯವೂ ಇರಲಿಲ್ಲ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಅಕ್ಕನ ವಿಷಯ ಬಂದರೆ ಅದು ಮೂಗು ಬಿಟ್ಟು ಕೆಳಗಿಳಿಯುವುದೇ ಇಲ್ಲ.

ಆಮೇಲೆ ಅಕ್ಕನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅಪ್ಪ ತೀರಿಕೊಂಡರು, ಅಮ್ಮ ಹಾಸಿಗೆ ಹಿಡಿದಳು, ನನ್ನ ಮದುವೆಯಾಯಿತು, ಅಮ್ಮನೂ ಹೋದಳು. ಈ ಎಲ್ಲದರ ನಡುವೆ ಅಕ್ಕನಿಗೆ ಐವತ್ತು ಹತ್ತಿರ ಬಂತು. ದೇವನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳ ಜೊತೆ ನಿಂತರೆ ದಾರಿಯಲ್ಲಿ ಹೋಗುವವರೆಲ್ಲ "ನಮಸ್ಕಾರ ಸಿಸ್ಟರ್" ಎನ್ನುತ್ತಾರೆ. ಮನೆಗೆ ಬಂದರೂ ಅವಳು ಸುಮ್ಮನೆ ಕೂರುವವಳಲ್ಲ. ನನ್ನ ಮನೆಗೆ ಹಬ್ಬಕ್ಕೆ ಬಂದರೆ ನನ್ನ ಕೈಯಿಂದಲೇ ಸೌಟು ಕಿತ್ತುಕೊಂಡು ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ತಿಂದು ಕೈ ತೊಳೆಯುತ್ತಾಳೆ.

ಹೀಗಿರುವಾಗ ಸೂಲಿಬೆಲೆ ಕಡೆಯ ಒಬ್ಬ ಅಜ್ಜಿ ಅಕ್ಕನ ಆಸ್ಪತ್ರೆಗೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರಿಗೆ ಅಕ್ಕನ ಧ್ವನಿ, ಅಕ್ಕನ ಕೈ ಇಷ್ಟೇ ಗೊತ್ತು. ಅಷ್ಟರಲ್ಲೇ ಪಕ್ಕದ ಮಂಚದವರನ್ನು, ಆಯಾಳನ್ನು, ಕೊನೆಗೆ ಡಾಕ್ಟರನ್ನೂ ಬಿಡದೆ, "ಆ ಸಿಸ್ಟರ್‌ಗೆ ಮದ್ವೆ ಆಗಿದ್ಯಾ?" ಎಂದು ವಿಚಾರಿಸಿದರಂತೆ. ಆಗಿಲ್ಲವೆಂದು ತಿಳಿದ ಮೇಲೆ ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. ಅವರಿಗೆ ಒಬ್ಬನೇ ಮಗ. ಅಕ್ಕನಿಗಿಂತ ಎರಡು ಮೂರು ವರ್ಷ ದೊಡ್ಡವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ಮಗಳನ್ನು ಹೊಸಕೋಟೆಗೆ ಕೊಟ್ಟಿದ್ದಾರೆ. ಮನೆಯಲ್ಲಿ ಹಸುಗಳು, ಸ್ವಲ್ಪ ಹಿಪ್ಪುನೇರಳೆ ತೋಟ, ತಾಯಿ ಮತ್ತು ಮಗ.

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಅಕ್ಕನಿಗೆ ಹೇಳಿದಾಗ ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಡದೆ ಕೇಳಿದಳು:

"ಅವರಿಗೆ ಬೇಕಾಗಿರೋದು ಹೆಂಡ್ತಿನೋ, ಮನೇಲಿ ಅಜ್ಜಿ ನೋಡ್ಕೊಳ್ಳೋಕೆ ನರ್ಸೋ?"

ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು ಮತ್ತೆ ಅವಳೇ ಹೇಳಿದಳು:

"ನರ್ಸ್ ಬೇಕಾದ್ರೆ ಆಸ್ಪತ್ರೆಗೆ ಬರ್ಲಿ ಕಣೇ. ಅಲ್ಲೇ ಚೆನ್ನಾಗಿ ನೋಡ್ಕೊತೀನಿ. ಅದಕ್ಕೆ ತಾಳಿ ಯಾಕೆ?"

ಹೀಗಂದವಳು ಮುಂದಿನ ಭಾನುವಾರ ತಾನೇ ನನಗೆ ಫೋನ್ ಮಾಡಿದಳು. ಬೇಡ ಎಂದು ಬಿಡಲೂ ಅವಳಿಗೆ ಮನಸ್ಸಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. "ತಟ್ಟೆ ಹಿಡ್ಕೊಂಡು ಯಾರ ಮುಂದೇನೂ ನಿಲ್ಲಲ್ಲ. ಉಪ್ಪಿಟ್ಟು ಕೇಸರಿಬಾತು ಮಾಡಲ್ಲ. ನೋಡಲೇಬೇಕು ಅಂದ್ರೆ ನಾನು ವಾಕಿಂಗ್ ಹೋಗ್ತೀನಲ್ಲ, ಆ ಕೆರೆ ಹತ್ರ ಬರ್ಲಿ. ನಾನೂ ನಡೀತೀನಿ, ಅವರೂ ನಡೀಲಿ. ಈ ಸಲ ನಾನೂ ಒಂದು ಸಲ ಗಂಡನ್ನ ನಡೆಸಿ ನೋಡ್ತೀನಿ."

ಆ ಕೆರೆ ಕುಂದಾಣದ ಕಡೆ ಹೋಗುವಾಗ ಸಿಗುತ್ತದೆ. ಕೆರೆಗೆ ಅಂಟಿಕೊಂಡಂತೆ ಕುರುಚಲು ಕಾಡಿದೆ. ಅರಣ್ಯ ಇಲಾಖೆಯವರು ತಂತಿಬೇಲಿ ಹಾಕಿ, ಗೇಟಿಟ್ಟು, ಕೆರೆಯ ಸುತ್ತ ಕಾಲುದಾರಿ ಮಾಡಿದ್ದಾರೆ. ಗೇಟಿನ ಪಕ್ಕ ಹೊಂಗೆಮರಗಳ ನೆರಳು, ಆಮೇಲೆ ಕೆರೆಯ ಏರಿ, ಏರಿಯ ಕೊನೆಗೆ ನೀರು ಹರಿದುಹೋಗುವ ಕೋಡಿ, ಅದರಾಚೆ ಹಕ್ಕಿ ನೋಡಲು ಕಟ್ಟಿದ ಗೋಪುರ, ಜಾಲಿ ಲಂಟಾನಗಳ ಪೊದೆ, ಮತ್ತೆ ಗೇಟು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಮಂಡಿನೋವಿನವರೂ ನಡೆಯಬಹುದಾದ ಸುತ್ತು. ತಲೆಯ ಮೇಲೆ ಆಗಾಗ ವಿಮಾನ ಹೋಗುತ್ತದೆ, ಆಗ ಹಕ್ಕಿಗಳೂ ಸುಮ್ಮನಾಗುತ್ತವೆ, ಮಾತಾಡುವವರೂ ಸುಮ್ಮನಾಗುತ್ತಾರೆ.

ಅವರೆಕಾಯಿಯ ಕಾಲ. ಆ ದಿನ ಬೆಳಿಗ್ಗೆ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವಳ ತೊಡೆಯ ಮೇಲೆ ಕ್ಯಾರಿಯರ್. ಅದರೊಳಗೆ ಹಿದುಕಿದ ಬೇಳೆ ಸಾರು, ಮುದ್ದೆ, ಒಂದಿಷ್ಟು ಅನ್ನ. ಇದು ಬಂದವರಿಗಲ್ಲ, ಅವರು ಹೋದ ಮೇಲೆ ಹೊಂಗೆ ನೆರಳಿನಲ್ಲಿ ಕೂತು ನಾವಿಬ್ಬರೇ ಉಣ್ಣುವುದಕ್ಕೆ. ಬಂದವರಿಗೆ ನಾನು ಕಡ್ಲೆಪುರಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದೆ. ಅಕ್ಕ ಮಾಸಲು ನೀಲಿಯ ಕಾಟನ್ ಸೀರೆ ಉಟ್ಟು, ಡ್ಯೂಟಿಯ ಶೂ ಹಾಕಿಕೊಂಡಿದ್ದಳು. ನಾನು ರೇಷ್ಮೆ ಸೀರೆ ಉಟ್ಟಿದ್ದೆ.

"ಕಾಡು ಸುತ್ತೋಕೆ ರೇಷ್ಮೆ ಸೀರೆ ಯಾಕೆ ಉಟ್ಟೆ?" ಎಂದಳು.

"ಹೆಣ್ಣಿನ ಕಡೆಯವರು ಅಂತ ಗೊತ್ತಾಗ್ಬೇಡ್ವಾ?"

"ಹೆಣ್ಣೇ ನೀನು ಅಂದ್ಕೊಂಡ್ರೆ?"

ಗೇಟಿನಲ್ಲಿದ್ದ ಗಾರ್ಡ್ ಅದಕ್ಕಿಂತ ಮುಂದೆ ಹೋದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫೋಟೋ ಶೂಟಾ ಮೇಡಂ? ಪರ್ಮಿಷನ್ ತಗೋಬೇಕು" ಎಂದ. ಅಕ್ಕ ಬೇರೆ ಕಡೆ ತಿರುಗಿ ನಕ್ಕಳು. ಅವಳು ನಕ್ಕಿದ್ದೇ ಒಳ್ಳೆಯದಾಯಿತೆಂದು ನಾನು ಗಾರ್ಡಿಗೆ ಏನೂ ಅನ್ನದೆ ಬಿಟ್ಟೆ.

ಅವರು ಹಾಲಿನ ಕ್ಯಾನ್ ಸಾಗಿಸುವ ಪುಟ್ಟ ಗೂಡ್ಸ್ ಗಾಡಿಯಲ್ಲಿ ಬಂದರು. ಗಾಡಿಯಿಂದ ಮೊದಲು ಇಳಿದದ್ದು ಅಜ್ಜಿ. ಮೂಗುಬೊಟ್ಟು, ಕುಂಕುಮವಿಲ್ಲದ ಹಣೆ ತುಂಬ ಬರಿಯ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಿಂದಿನಿಂದ ಮಗ. ಬಿಳಿ ಪಂಚೆ, ಬಿಳಿ ಶರಟು, ಕಾಲಿಗೆ ಹಳದಿ ಪಟ್ಟಿಯ ಹೊಚ್ಚಹೊಸ ಸ್ಪೋರ್ಟ್ಸ್ ಶೂ. ನಾನು ಶೂ ನೋಡುತ್ತಿದ್ದುದನ್ನು ಕಂಡು, "ಮಗಳು ಕೊಡಿಸಿದ್ಲು. ವಾಕಿಂಗು ಅಂದೆ, ಅದಕ್ಕೆ" ಎಂದು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಅಜ್ಜಿ ಮಾತ್ರ ಯಾರನ್ನೂ ಲಕ್ಷಿಸದೆ ನೇರವಾಗಿ ಅಕ್ಕನ ಮುಂದೆ ಹೋಗಿ ನಿಂತು, ಗಲ್ಲ ಹಿಡಿದು ನೋಡಿದರು. "ಓ, ಹಿಂಗಿದ್ದೀಯಾ! ಧ್ವನಿ ಕೇಳಿ ದಪ್ಪಗಿರ್ತೀಯ ಅಂದ್ಕೊಂಡಿದ್ದೆ."

ದಾರಿ ಹೊರಡುವಲ್ಲೇ ಮೊದಲ ತಕರಾರು ಬಂತು. ಬೋರ್ಡಿನ ಬಾಣ ಬಲಕ್ಕೆ ತೋರಿಸುತ್ತಿತ್ತು. ಎಲ್ಲರೂ ಹಾಗೆಯೇ ಹೋಗುವುದು. ಅಜ್ಜಿ ಅಲ್ಲಾಡಲಿಲ್ಲ.

"ಇದೇನಮ್ಮ, ಕೆರೇನ ಎಡಕ್ಕಿಟ್ಕೊಂಡು ಸುತ್ತೋದಾ? ಏರಿ ಮೇಲೆ ಗಂಗಮ್ಮ ಕೂತವ್ಳೆ. ಒಳ್ಳೆ ಕೆಲ್ಸಕ್ಕೆ ಬಂದು ಅಪ್ರದಕ್ಷಿಣೆ ಹಾಕ್ತಾರಾ?"

"ಅಜ್ಜೀ, ಬಾಣ ಆ ಕಡೆ ಇದೆ" ಎಂದ ಗಾರ್ಡ್.

"ಬಾಣ ಬರ್ದೋನು ಯಾವೂರೋನಪ್ಪ?"

ಗಾರ್ಡ್ ಸೋತ. ಮಗ ವಾದಕ್ಕೆ ಹೋಗದೆ, "ಅವ್ವ ಹೇಳಿದ್ಮೇಲೆ ಆಯ್ತು" ಎಂದು ಎಡಕ್ಕೆ ತಿರುಗಿದರು. ಅಕ್ಕ ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲೇನು ಓಡಿತೆಂದು ನನಗೆ ಹೇಳಬೇಕಾಗಿರಲಿಲ್ಲ. ಅವ್ವ ಎಳೆದ ಕಡೆ ಹೋಗುವ ಮಗ, ಅವ್ವನಿಗೊಬ್ಬಳು ನರ್ಸು.

ಉಲ್ಟಾ ಹೊರಟಿದ್ದರಿಂದ ಎದುರಿಗೆ ಬರುವವರೆಲ್ಲ ನಮಗೆ ಡಿಕ್ಕಿ ಹೊಡೆಯುವಂತೆ ಬರುತ್ತಿದ್ದರು. "ಆಂಟಿ, ರಾಂಗ್ ಸೈಡು!" ಎಂದು ಒಬ್ಬ ಓಡುತ್ತಲೇ ಕೂಗಿದ. ಅಜ್ಜಿ ಅವನನ್ನು ತಡೆದು ನಿಲ್ಲಿಸಿ, "ಯಾವೂರಪ್ಪಾ? ಯಾರ ಮಗ?" ಎಂದು ಕೇಳಿದರು. ಪಾಪ, ಅವನು ಕಿವಿಯಲ್ಲಿದ್ದುದನ್ನು ಕಿತ್ತು, ಏದುಸಿರು ಬಿಡುತ್ತ, ತಾತನ ಊರಿನವರೆಗೂ ಹೇಳಿ ಹೋದ. ಹೀಗೆ ಎದುರು ಬಂದ ಯಾರನ್ನೂ ಅಜ್ಜಿ ಸುಮ್ಮನೆ ಬಿಡಲಿಲ್ಲ. ಜನ ಇಲ್ಲದ ಕಡೆ ಗಿಡಗಳಿದ್ದವು. "ಕಣ್ಣು ಬಂದ್ಮೇಲೆ ಎಲ್ಲಾ ಹೊಸದಾಗಿ ಕಾಣ್ತದೆ ಕಣಮ್ಮ" ಎಂದು ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿದರು. ನೋಡಿದ್ದಷ್ಟೇ ಆಗಿದ್ದರೆ ಚೆನ್ನಾಗಿತ್ತು. ನೀರಿನ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ಕಂಡಿತು, ಅದರ ಪಕ್ಕ ಗಣಿಕೆ ಕಂಡಿತು. ನಾನು ಹಿಂದಿರುಗಿ ನೋಡುವಷ್ಟರಲ್ಲಿ ಅಜ್ಜಿಯ ಮಡಿಲು ಅರ್ಧ ತುಂಬಿತ್ತು. ಕೀಳಬಾರದೆಂದು ಬೋರ್ಡಿದೆ ಎಂದರೆ, "ಸೊಪ್ಪಿಗೆ ಯಾವ ಬೋರ್ಡು? ಕಿತ್ತಷ್ಟೂ ಚಿಗುರ್ತದೆ" ಎಂದರು. ಕೊನೆಗೆ ಅಕ್ಕ ಬಂದು, ವಾರ್ಡಿನಲ್ಲಿ ಮಾತ್ರೆ ನುಂಗದವರ ಹತ್ತಿರ ಆಡುವ ಧ್ವನಿಯಲ್ಲಿ, "ಸಾಕು ಅಜ್ಜಿ. ಉಳಿದದ್ದು ಹಕ್ಕಿಗಳಿಗೆ ಇರ್ಲಿ" ಎಂದಾಗ ತೆಪ್ಪಗೆ ಎದ್ದರು.

ಅಕ್ಕನದು ಆಸ್ಪತ್ರೆಯ ನಡಿಗೆ. ಯಾರೋ ಗಂಟೆ ಒತ್ತಿ ಕರೆದ ಹಾಗೆ ಸರಸರ ಹೋಗುತ್ತಾಳೆ. ಅಜ್ಜಿಯ ಮಗನದು ಹಸು ಹೊಡೆದುಕೊಂಡು ಹೋಗುವವರ ನಡಿಗೆ. ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ, ಯಾರನ್ನೂ ದಾಟುವುದಿಲ್ಲ, ಯಾರಾದರೂ ನಿಂತರೆ ತಾವೂ ನಿಲ್ಲುತ್ತಾರೆ. ಹೀಗಾದರೆ ಇಬ್ಬರೂ ಮಾತಾಡುವುದು ಯಾವಾಗ? ನನಗೆ ತಡೆಯಲಾಗಲಿಲ್ಲ. "ಸ್ವಲ್ಪ ಮುಂದೆ ಹೋಗಿ, ಅವಳು ನಿಮ್ಮನ್ನೇನೂ ಕಚ್ಚಲ್ಲ" ಎಂದು ಗದರಿದೆ. ಅವರು ಗಾಬರಿಯಿಂದ ಹೆಚ್ಚುಕಡಿಮೆ ಓಡಿಯೇ ಅಕ್ಕನ ಪಕ್ಕ ಸೇರಿದರು. ನಾನು ಅಜ್ಜಿಯನ್ನು ಬೇಕೆಂದೇ ನಿಧಾನ ಮಾಡಿಸುತ್ತ, ಕಿವಿಯನ್ನು ಮಾತ್ರ ಮುಂದೆ ಕಳಿಸಿದೆ.

"ರಿಟೈರ್ ಆಗೋವರೆಗೂ ನಾನು ಕೆಲ್ಸ ಬಿಡಲ್ಲ" ಎಂದಳು ಅಕ್ಕ.

"ಬಿಡಿ ಅಂತ ಯಾರಂದ್ರು? ನಾನೂ ಹಸು ಬಿಡಲ್ಲ."

ಇದು ಪರವಾಗಿಲ್ಲ ಎಂದುಕೊಂಡೆ. ಆಗ ವಿಮಾನವೊಂದು ಬಂದು ಎರಡು ಮೂರು ಮಾತು ನುಂಗಿಹಾಕಿತು. ವಿಮಾನವನ್ನು ಶಪಿಸುತ್ತ ಇನ್ನಷ್ಟು ಹತ್ತಿರ ಹೋದೆ.

"ನೀವು ಯಾಕೆ ಒಪ್ಕೊಂಡು ಬಂದ್ರಿ?" ಅಕ್ಕ ನೇರವಾಗಿ ಕೇಳುತ್ತಿದ್ದಳು.

"ಅವ್ವ ಹೋಗು ಅಂದ್ಳು. ಬಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳಾದರೂ ಹೇಳಬಾರದೇ? "ನಿಮ್ಮ ವಿಷಯ ಕೇಳಿ ಇಷ್ಟವಾಯಿತು" ಎಂದು ಒಂದು ಮಾತು ಹೇಳಿದ್ದರೆ ಈ ಮಹಾನುಭಾವರ ಗಂಟು ಏನು ಹೋಗುತ್ತಿತ್ತು? ಅಕ್ಕನ ನಡಿಗೆ ಜೋರಾಯಿತು. ಅವರು ಮತ್ತೆ ಹಿಂದೆ ಬಿದ್ದರು. ಗೋಪುರ ಬಂತು, ಯಾರೂ ಹತ್ತಲಿಲ್ಲ. ಮುಗಿಯಿತು, ಹೋಗಿ ಮುದ್ದೆ ಉಂಡು ಮನೆಗೆ ಹೊರಡುವುದೇ ಸರಿ ಎಂದು ನಾನು ತೀರ್ಮಾನಿಸಿಬಿಟ್ಟೆ.

ಕೋಡಿಯ ಹತ್ತಿರ ತೆಳ್ಳಗೆ ನೀರು ಹರಿಯುತ್ತಿತ್ತು. ದಾಟಲು ಚಪ್ಪಡಿ ಹಾಸಿದ್ದಾರೆ, ಆದರೆ ಪಾಚಿ ಕಟ್ಟಿತ್ತು. ಒಂದು ಬದಿ ಇಳಿಜಾರು. ನಾವು ನಿಂತು ನೋಡುತ್ತಿರುವಾಗಲೇ ಅವರು ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಇಳಿಜಾರಿನ ಕಡೆ ನೀರಿಗಿಳಿದು ನಿಂತರು. ಕೈ ಹಿಡಿಯಿರಿ ಎನ್ನಲಿಲ್ಲ, ಹುಷಾರು ಎನ್ನಲಿಲ್ಲ. ಜಾರಿದರೆ ಅವರ ಮೇಲೆ ಬೀಳಬೇಕು, ಅಷ್ಟೆ. ಅಜ್ಜಿ ದಾಟಿದರು, ರೇಷ್ಮೆ ಸೀರೆ ಹಿಡಿದುಕೊಂಡು ನಾನು ದಾಟಿದೆ. ಕೊನೆಗೆ ಅಕ್ಕ ದಾಟುತ್ತ, "ನೀರು ತಣ್ಣಗಿದೆ, ಸಾಕು ಹತ್ತಿ" ಎಂದಳು.

"ಅಭ್ಯಾಸ ಇದೆ. ಹಸು ದಾಟ್ಸೋವಾಗ ಹಿಂಗೇ ನಿಂತ್ಕೊಳ್ಳೋದು."

ನಮ್ಮನ್ನೆಲ್ಲ ಹಸು ಮಾಡಿದರಲ್ಲ ಎಂದು ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಗಟ್ಟಿಯಾಗಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಏರಿಯ ಮೇಲೆ ಗಂಗಮ್ಮನಿಗೆ ಕೈ ಮುಗಿದು, ಹೊಂಗೆ ನೆರಳು ಸೇರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಒಂದು ಗಂಟೆಯ ಸುತ್ತಿಗೆ ಅಜ್ಜಿಯ ದಯೆಯಿಂದ ಇಡೀ ಬೆಳಗು ಹಿಡಿದಿತ್ತು. ಕಡ್ಲೆಪುರಿ, ಬಾಳೆಹಣ್ಣು ದಾರಿಯಲ್ಲೇ ಮುಗಿದಿದ್ದವು. ಮರದ ಕೆಳಗೆ ಕಲ್ಲುಬೆಂಚು. ಮಗ ಕಾಲಿನ ಕೆಸರು ತೊಳೆಯಲು ಗೇಟಿನ ಹತ್ತಿರದ ನಲ್ಲಿಗೆ ಹೋದರು. ಅಕ್ಕ ಕ್ಯಾರಿಯರ್ ಬಿಚ್ಚಿ, "ಅಜ್ಜಿ, ಹಸಿದಿದ್ದೀರಿ. ಇರೋದ್ರಲ್ಲೇ ಹಂಚ್ಕೊಂಡು ಉಣ್ಣೋಣ" ಎಂದಳು.

ಅಜ್ಜಿ ಎರಡೂ ಕೈ ಮುಂದೆ ಚಾಚಿ ತಡೆದರು. "ಅಯ್ಯೋ ಬ್ಯಾಡಮ್ಮ. ಹೆಣ್ಣು ನೋಡೋಕೆ ಬಂದೋರು ಮಾತು ಮುಗೀದೆ ಉಣ್ಣೋ ಹಂಗಿಲ್ಲ. ಕಾಫಿ ತಿಂಡಿ ಆಗ್ಬೋದು. ಮುದ್ದೆ, ಅನ್ನ ಬಾಯಿಗಿಟ್ರೆ ಒಪ್ಕೊಂಡಂಗೆ ಲೆಕ್ಕ."

ಅದು ನಮ್ಮಲ್ಲೂ ಇರುವ ಪದ್ಧತಿಯೇ. ಉಪ್ಪಿಟ್ಟಿನವರೆಗೆ ನೆಂಟರಲ್ಲ, ಊಟಕ್ಕೆ ಕೂತರೆ ಬೀಗರು. ಅಕ್ಕ ಒತ್ತಾಯ ಮಾಡಲಿಲ್ಲ. ನನಗೊಂದು ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಬೆಂಚಿನ ಮೇಲಿಟ್ಟಳು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಸಂಬಂಧ ಏನಾಯಿತೆಂದು ಮನೆಯವರು ಕೇಳುತ್ತಿದ್ದರು. ಹೇಳುವಂಥದ್ದೇನೂ ಇಲ್ಲವೆಂದು ಹೇಳಲು ನಾನು ಆಚೆ ಹೋದೆ. ಅಜ್ಜಿ ಮಡಿಲಿನ ಸೊಪ್ಪಿಗೆ ಒಂದು ಚೀಲ ಕೇಳಲು ಗಾರ್ಡನ್ನು ಹುಡುಕಿಕೊಂಡು ಹೋದರು. ಸೊಪ್ಪು ಕಿತ್ತದ್ದಕ್ಕೆ ಬೈಯಬೇಕಾದವನ ಹತ್ತಿರವೇ ಚೀಲ! ಅಕ್ಕ ನೀರಿನ ಬಾಟಲಿ ತರಲು ಸ್ಕೂಟರಿನ ಬಳಿಗೆ ಹೋದಳು.

ನಾನು ಫೋನ್ ಇಟ್ಟು ತಿರುಗಿ ನೋಡಿದರೆ ಅವರು ಬೆಂಚಿನ ಮೇಲೆ ಕೂತು ನನ್ನ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ಬೆಳಗಿನ ಜಾವವೇ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಅಲ್ಲಿಂದ ನೇರವಾಗಿ ಗಾಡಿ ಹತ್ತಿದವರು. ಕೈಕಾಲು ತೊಳೆದು ಬಂದವರ ಮುಂದೆ ಬಡಿಸಿದ ತಟ್ಟೆ ಇದೆ, ಕೂತುಬಿಟ್ಟಿದ್ದಾರೆ. ಮುದ್ದೆ ಮುರಿಯುವುದು, ಸಾರಿಗೆ ಅದ್ದುವುದು, ನುಂಗುವುದು. ತಲೆ ಎತ್ತುವ ಮಾತೇ ಇಲ್ಲ. ಅರ್ಧ ಮುದ್ದೆ ಆಗಲೇ ಒಳಗೆ ಹೋಗಿತ್ತು.

ಚೀಲ ಹಿಡಿದು ಬಂದ ಅಜ್ಜಿ ಅಲ್ಲೇ ನಿಂತರು.

"ಲೋ! ಉಂಡ್ಬಿಟ್ಯಲ್ಲೋ!"

ಅವರು ಬಾಯಿ ತುಂಬ ಮುದ್ದೆ ಇಟ್ಟುಕೊಂಡು ಅವ್ವನನ್ನು, ತಟ್ಟೆಯನ್ನು, ನನ್ನನ್ನು ನೋಡಿದರು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ನುಂಗಿದರು. ಅಜ್ಜಿಗೆ ಗಾಬರಿ ಇಳಿದು ಸಂತೋಷ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಆಯ್ತು ಬಿಡು! ಉಪ್ಪು ತಿಂದೋನು ನೀರು ಕುಡೀಲೇಬೇಕು. ಗಂಗಮ್ಮನೇ ಉಣ್ಸವ್ಳೆ. ಒಪ್ಗೆ ಆದಂಗೇ!" ಎಂದು ನನ್ನ ಕೈ ಹಿಡಿದುಕೊಂಡರು. ನಾನು ದಾರಿಯುದ್ದಕ್ಕೂ ಆ ಮನುಷ್ಯನನ್ನು ಬೈದುಕೊಂಡಿದ್ದೆಲ್ಲ ಮರೆತು, "ಆದಂಗೇ ಆದಂಗೇ" ಎಂದು ಕುಣಿದೆ.

ಅಕ್ಕ ನೀರಿನ ಬಾಟಲಿ ಹಿಡಿದು ಹಿಂದೆ ನಿಂತಿದ್ದಳು. ಅದನ್ನು ಬೆಂಚಿನ ಮೇಲಿಟ್ಟು, ನಿಧಾನವಾಗಿ ಹೇಳಿದಳು:

"ಅವರು ಉಂಡ್ರೆ ಅವರ ಒಪ್ಗೆ ಆಯ್ತು. ನನ್ನದು ಎಲ್ಲಾಯ್ತು?"

ಅಜ್ಜಿ ನನ್ನ ಕೈ ಬಿಟ್ಟರು. ನಿಜವೇ. ಗಂಡಿನ ಕಡೆಯವರು ಒಪ್ಪಿದರೆಂದು ತಿಳಿಯಲು ಊಟ ಇದೆ, ಹೂ ಮುಡಿಸುವುದಿದೆ, ತಾಂಬೂಲವಿದೆ. ಹುಡುಗಿ ಒಪ್ಪಿದಳೆಂದು ತಿಳಿಯಲು ನಮ್ಮ ಹಿರಿಯರು ಒಂದು ಶಾಸ್ತ್ರವನ್ನೂ ಮಾಡಿಟ್ಟಿಲ್ಲ. ಬೇಕಾಗುತ್ತದೆಂದೇ ಅವರಿಗೆ ಹೊಳೆದಿರಲಿಕ್ಕಿಲ್ಲ.

ಅಜ್ಜಿಯ ಮಗ ತಟ್ಟೆ ಬಿಟ್ಟು ಎದ್ದು, ಹೋಗಿ ಕೈ ತೊಳೆದು ಬಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ ಅಕ್ಕನಿಗೆ ಹೇಳಿದರು: "ಇನ್ನೊಂದು ಸುತ್ತು ಹೋಗೋಣ್ವಾ? ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ರ ಹೇಳಿಲ್ಲ ನಾನು. ಈ ಸಲ ದಿನಾ ನೀವು ಹೋಗೋ ಕಡೆಯಿಂದ್ಲೇ ಹೋಗೋಣ."

"ಲೋ, ಅಪ್ರದಕ್ಷಿಣೆ ಆಯ್ತದೆ!" ಎಂದರು ಅಜ್ಜಿ.

"ಅವ್ವ, ನೀನು ಕೂತ್ಕೊ" ಎಂದರು ಮಗ.

ಒರಟಾಗಿ ಹೇಳಲಿಲ್ಲ. ಆದರೆ ಅಜ್ಜಿ ಬೆಂಚಿನ ಮೇಲೆ ತಟಕ್ಕನೆ ಕೂತ ರೀತಿ ನೋಡಿದರೆ, ಈ ಮಾತು ಆ ಮನೆಯಲ್ಲಿ ಹೆಚ್ಚು ಕೇಳಿಬಂದದ್ದಲ್ಲ ಎಂದು ಗೊತ್ತಾಗುತ್ತಿತ್ತು. ಅಕ್ಕ ಅವರನ್ನು ಒಂದು ಕ್ಷಣ ನೋಡಿ, "ಹೂಂ, ನಡೀರಿ" ಎಂದಳು.

ನಾನೂ ಅಜ್ಜಿಯೂ ಉಳಿದೆವು. ಅವರಿಬ್ಬರೂ ಏರಿಯ ಮೇಲೆ ಹೋಗುತ್ತಿರುವುದು ನಮಗೆ ಕಾಣುತ್ತಿತ್ತು. ಹಿಂದೆ ಮುಂದೆ ಅಲ್ಲ, ಪಕ್ಕಪಕ್ಕ. ಕೇಳಿಸುವಷ್ಟು ಹತ್ತಿರ ಇಲ್ಲವಲ್ಲ ಎಂದು ನನಗೆ ಒಳಗೇ ಸಂಕಟ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ ಕೂತಿದ್ದರು. ಕೇಳಿಬಿಡೋಣ ಎನ್ನಿಸಿತು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಸೊಸೆ ಬೇಕೋ, ನರ್ಸ್ ಬೇಕೋ?"

ಅಜ್ಜಿ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದೇ ಸಿದ್ಧಳಾಗಿದ್ದೆ.

"ನಂಗ್ಯಾಕಮ್ಮ ನರ್ಸು? ಈಗ್ಲೂ ಎರಡು ಹಸು ನಾನೇ ಕರೀತೀನಿ. ಕೈಲಾಗದ ದಿನ ಬಂದ್ರೆ ಮೊಮ್ಮಗಳವ್ಳೆ, ಆಸ್ಪತ್ರೆ ಐತೆ. ಇವನದೇ ನಂಗೆ ಚಿಂತೆ. ಹಸುಗಳ ಜೊತೆ ಬಿಟ್ರೆ ಯಾರ ಹತ್ರಾನೂ ಮಾತಿಲ್ಲ. ಇವಳು ಆಸ್ಪತ್ರೇಲಿ ಎಲ್ರನ್ನೂ ಮಾತಾಡಿಸ್ತಿದ್ಲು. ನಿದ್ದೆ ಬರದೋರನ್ನೂ ನಗಿಸ್ತಿದ್ಲು. ಇಂಥೋಳಿದ್ರೆ ಇವನೂ ನಾಲ್ಕು ಮಾತು ಕಲೀತಾನೆ ಅಂತ." ಕೆರೆಯ ಕಡೆಗೆ ನೋಡಿ ಸೇರಿಸಿದರು: "ನೋಡು, ಕೈ ತಿರುಗಿಸಿ ತಿರುಗಿಸಿ ಏನೋ ಹೇಳ್ತವ್ನೆ. ನನ್ನ ಹತ್ರ ಒಂದು ದಿನಾನೂ ಹಂಗೆ ಮಾತಾಡ್ಲಿಲ್ಲ, ಕಳ್ಳ ನನ್ಮಗ."

ನನಗೆ ಅಜ್ಜಿಯ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಇಬ್ಬರೂ ಸೇರಿ ಸೊಪ್ಪು ಸೋಸಿದೆವು. ಸೊಪ್ಪು ಸೋಸಿ ಮುಗಿಯಿತು, ಅವರಿನ್ನೂ ಬರಲಿಲ್ಲ. ಅಜ್ಜಿ ಇಲ್ಲದೆ ಹೋದರೂ ಇಷ್ಟು ಹೊತ್ತೇಕೆ? ಅಕ್ಕನದು ಸರಸರ ನಡಿಗೆಯಲ್ಲವೇ? ಬೇಡವೆಂದು ಹೇಳಿ ಗೋಪುರದ ಹತ್ತಿರ ಒಬ್ಬಳೇ ಕೂತುಬಿಟ್ಟಳೇ? ಎದ್ದು ಗೇಟಿನ ತನಕ ಹೋಗಿ ಬಂದೆ. ಗಾರ್ಡ್ ಕೂಡ ಕೇಳಿದ, "ಏನಾಯ್ತು ಮೇಡಂ, ಒಪ್ಕೊಂಡ್ರಾ?" ಅವನಿಗೆ ಅಜ್ಜಿ ಚೀಲ ಕೇಳುವಾಗಲೇ ಎಲ್ಲ ಹೇಳಿದ್ದರು.

ಕೊನೆಗೆ ಲಂಟಾನ ಪೊದೆಯ ಕಡೆಯಿಂದ ಬಂದರು. ಅಕ್ಕ ನಿಧಾನವಾಗಿ ಬರುತ್ತಿದ್ದಳು, ಅವರು ಸ್ವಲ್ಪ ಬಿರುಸಾಗಿ. ಹಾಗಾಗಿ ಇಬ್ಬರ ಹೆಜ್ಜೆ ಸರಿಯಾಗಿತ್ತು. ನಾನು ಅಕ್ಕನ ಮುಖ ಹುಡುಕಿದೆ. ಏನೂ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ ಮುಖದಲ್ಲಿ ಏನೂ ತೋರಿಸಬಾರದೆಂದು ಕಲಿತವಳು. ಬೆಂಚಿನ ಮೇಲೆ ಕೂತು, ಶೂ ಬಿಚ್ಚಿ, ಕಾಲು ಚಾಚಿದಳು.

"ಏನಂದ್ರು? ಏನಂದೆ?" ಎಂದೆ.

"ಕೇಳಿದೆ. ಹೇಳಿದ್ರು" ಎಂದಳು. ಏನು ಹೇಳಿದರೆಂದು ಇವತ್ತಿನವರೆಗೂ ನನಗೆ ಹೇಳಿಲ್ಲ. ಆಮೇಲೆ ಕ್ಯಾರಿಯರ್ ಕಡೆ ನೋಡಿ, "ನಂಗೆ ಹಸಿವು. ಮುದ್ದೆ ಉಳಿದಿದ್ಯಾ?" ಎಂದು ಕೇಳಿದಳು.

ಅವಳು ಬೆಳಿಗ್ಗೆಯಿಂದ ಒಂದು ತುತ್ತೂ ಉಂಡಿಲ್ಲವೆಂದು ನನಗೆ ಆಗಲೇ ಹೊಳೆದದ್ದು. ಥಟ್ಟನೆ ಎದ್ದು ಸೌಟಿಗೆ ಕೈ ಹಾಕಿದೆ.

"ನೀನು ಕೂತ್ಕೊಳ್ಳೇ" ಎಂದಳು.

ಅಜ್ಜಿಯ ಮಗ ಹೋಗಿ ಕೈ ತೊಳೆದರು. ತಟ್ಟೆ ತೊಳೆದರು. ಕ್ಯಾರಿಯರಿನ ತಳದಲ್ಲಿದ್ದ ಮುದ್ದೆ ತೆಗೆದು ಇಟ್ಟು, "ತಣ್ಣಗಾಗಿ ಗಟ್ಟಿಯಾಗೈತೆ" ಎಂದರು, ತಪ್ಪು ತಮ್ಮದೇ ಎನ್ನುವ ಹಾಗೆ.

"ಪರವಾಗಿಲ್ಲ, ಬಡಿಸಿ."

ಸಾರು ಬಿಡಲು ಹೋಗಿ ಎಲ್ಲವನ್ನೂ ಸುರಿದರು. ತಟ್ಟೆ ತುಂಬಿ ಅಂಚಿನಿಂದ ಹರಿಯಿತು. ಅಕ್ಕ ಕಾಲು ಮಡಿಸಿ ಬೆಂಚಿನ ಮೇಲೆ ಚೆನ್ನಾಗಿ ಕೂತುಕೊಂಡು, ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮುದ್ದೆ ಮುರಿದು ಮೊದಲ ತುತ್ತು ನುಂಗಿದಳು. ಅಜ್ಜಿ ನನ್ನ ತೋಳು ಗಟ್ಟಿಯಾಗಿ ಹಿಡಿದರು. ಮಗ ಸೌಟು ಹಿಡಿದು ಅಕ್ಕನ ಪಕ್ಕದಲ್ಲೇ ನಿಂತಿದ್ದರು, ಇನ್ನೇನು ಬೇಕಾಗಬಹುದೆಂದು.

"ಅನ್ನ ಹಾಕ್ಲಾ?" ಎಂದು ಕೇಳಿದರು.

"ಹಾಕಿ" ಎಂದಳು ಅಕ್ಕ, ತಲೆ ಎತ್ತದೆ.

ನನ್ನ ಅಕ್ಕ ಕೂತು ಉಣ್ಣುವುದನ್ನು, ಬೇರೆಯವರು ನಿಂತು ಅವಳಿಗೆ ಬಡಿಸುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವಳು ಸಾವಕಾಶವಾಗಿ ಉಂಡಳು.